ಮೆಡಿಕಲ್ ಕೋಡಿಂಗ್ ಸೇರುವ ಮುಂಚೆ ಇದನ್ನು ಓದಿ: ನಾನು 78 ಸಾವಿರ ಕಳೆದುಕೊಂಡೆ

2024ರ ನೀಟ್‌ನಲ್ಲಿ ನನಗೆ ಬಂದಿದ್ದು 720ಕ್ಕೆ 431. ಅದೂ ಎರಡನೇ ಸಲ ಬರೆದು. ಸರ್ಕಾರಿ ಎಂಬಿಬಿಎಸ್ ಸೀಟಿನ ಆಸೆ ಅಲ್ಲಿಗೇ ಮುಗಿಯಿತು. ಎಂಜಿನಿಯರಿಂಗ್ ರ‍್ಯಾಂಕ್ ನೋಡಿದರೆ, ನಮ್ಮ ಕೈಗೆಟುಕುವ ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುವಂತಿರಲಿಲ್ಲ. ವರ್ಷವಿಡೀ ಬಯಾಲಜಿ ಹಿಡಿದುಕೊಂಡು ಕೂತವಳಿಗೆ ಗಣಿತ ಎಲ್ಲಿಂದ ಬರಬೇಕು ಹೇಳಿ.

ಕೈಯಲ್ಲಿ ಉಳಿದಿದ್ದು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟು ಹಂಚಿಕೆಯ ಮೊದಲ ಸುತ್ತಿನಲ್ಲಿ ಸಿಕ್ಕ ಬಿಎಸ್ಸಿ ನರ್ಸಿಂಗ್ ಸೀಟು. ಮನೆಯಲ್ಲಿ ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ. "ಡಾಕ್ಟರ್ ಆಗ್ತೀನಿ ಅಂತ ಎರಡೆರಡು ಸಲ ಬರೆದು ಈಗ ನರ್ಸಾ?" ಅಂದರು ನಮ್ಮ ಮಾವ. ಅಪ್ಪ ಏನೂ ಅನ್ನಲಿಲ್ಲ. ತಿಪಟೂರಿನ ಎಪಿಎಂಸಿಗೆ ಕೊಬ್ಬರಿ ಹಾಕಿ ಬಂದ ದುಡ್ಡನ್ನು ಬೀರುವಿನಲ್ಲಿಟ್ಟಿದ್ದರು, ನನ್ನ ಫೀಸಿಗೆ ಅಂತ.

ಅಷ್ಟರಲ್ಲಿ ಒಂದು ತರಬೇತಿ ಸಂಸ್ಥೆಯಿಂದ ಫೋನ್ ಬಂತು. ನನ್ನ ಹೆಸರು, ನೀಟ್ ಬರೆದಿದ್ದು, ಎಲ್ಲ ಅವರಿಗೆ ಗೊತ್ತಿತ್ತು. ನಂಬರ್ ಹೇಗೆ ಸಿಕ್ತು ಅಂತ ಕೇಳುವ ಬುದ್ಧಿ ಆಗ ಬರಲಿಲ್ಲ. "ಆಸ್ಪತ್ರೆ ಫೀಲ್ಡೂ ಬೇಕು, ಐಟಿನೂ ಬೇಕು ಅಲ್ವಾ ಮೇಡಂ? ಇದರಲ್ಲಿ ಎರಡೂ ಇದೆ. ಮೆಡಿಕಲ್ ಕೋಡಿಂಗ್. ನಾಲ್ಕೇ ತಿಂಗಳು, ಕೆಲಸ ಗ್ಯಾರಂಟಿ."

ಕೋಡಿಂಗ್ ಅಂದ ತಕ್ಷಣ ಮಾವನ ಮುಖ ಅರಳಿತು. ಅವರ ಪಾಲಿಗೆ ಅದು ಸಾಫ್ಟ್‌ವೇರ್. ಸುಳ್ಳೇಕೆ ಹೇಳಲಿ, ನನ್ನ ಪಾಲಿಗೂ ಹಾಗೇ.

ಬೆಂಗಳೂರಿನಲ್ಲಿ ಒಂದು ದರ್ಶಿನಿಯ ಮೇಲೆ, ಮೂರನೇ ಮಹಡಿಯಲ್ಲಿ ಆಫೀಸು. ಅಪ್ಪ ಬೆವರು ಒರೆಸಿಕೊಳ್ಳುತ್ತಾ ಕೂತಿದ್ದರು. ಸೀಟ್ ಬ್ಲಾಕ್ ಮಾಡೋಕೆ ಅಂತ ಅವತ್ತೇ 15,000 ಕಟ್ಟಿಸಿಕೊಂಡರು. ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ "ವೆರಿಫಿಕೇಷನ್‌ಗೆ" ಅಂತ ತೆಗೆದುಕೊಂಡು ಫೈಲಿಗೆ ಪಿನ್ ಹೊಡೆದರು. ಆಮೇಲೆ ಅಲ್ಲಿನ ಮೇಡಂ ನನ್ನ ಮೊಬೈಲಲ್ಲೇ ಕೆಇಎ ಪೇಜ್ ತೆಗೆಸಿದರು. "ಚಾಯ್ಸ್ 4 ಕೊಟ್ಬಿಡಿ. ಆಮೇಲೆ ತಲೆನೋವೇ ಇರಲ್ಲ."

ಸೀಟು ಸಿಕ್ಕವರಿಗೆ ಆಗ ಇದ್ದದ್ದು ನಾಲ್ಕು ಆಯ್ಕೆ. ಸೀಟು ಇಷ್ಟವಾದರೆ ಚಾಯ್ಸ್ 1. ಇಟ್ಟುಕೊಂಡೇ ಇನ್ನೂ ಒಳ್ಳೆಯದಕ್ಕೆ ಕಾಯುವುದಾದರೆ 2. ಬೇಡ, ಮುಂದಿನ ಸುತ್ತು ನೋಡ್ತೀನಿ ಅಂದರೆ 3. ನಾಲ್ಕು ಕೊಟ್ಟರೆ ಆ ವರ್ಷದ ಸೀಟು ಹಂಚಿಕೆಯಿಂದಲೇ ನೀವು ಹೊರಗೆ. ಇದೆಲ್ಲ ಗೊತ್ತಿದ್ದೂ ನಾನು 4 ಒತ್ತಿದೆ. ದುಡ್ಡಿಗಿಂತ ಈಗಲೂ ಹೊಟ್ಟೆ ಉರಿಯುವುದು ಅದಕ್ಕೇ.

ಕ್ಲಾಸು ನಡೆಯಲೇ ಇಲ್ಲ ಅಂತ ಹೇಳುವುದಿಲ್ಲ, ನಡೆಯಿತು. ಆದರೆ ಮೆಡಿಕಲ್ ಕೋಡಿಂಗ್‌ನಲ್ಲಿ ಪ್ರೋಗ್ರಾಂ ಬರೆಯುವ ಕೆಲಸ ಒಂದು ಸಾಲೂ ಇಲ್ಲ. ಹೆಚ್ಚಾಗಿ ಅಮೆರಿಕದ ಆಸ್ಪತ್ರೆಗಳ ರೋಗಿಯ ದಾಖಲೆ ಓದಿ, ಕಾಯಿಲೆಗೆ ಐಸಿಡಿ-10 ಕೋಡು, ಚಿಕಿತ್ಸೆಗೆ ಸಿಪಿಟಿ ಕೋಡು ಹಾಕಬೇಕು. ಅದನ್ನು ಇಟ್ಟುಕೊಂಡು ವಿಮೆ ಕಂಪನಿಗೆ ಬಿಲ್ ಹೋಗುತ್ತದೆ. ತೊಡಕಿಲ್ಲದ ಟೈಪ್ 2 ಸಕ್ಕರೆ ಕಾಯಿಲೆಗೆ ಇ11.9. ಬಾತುಕೋಳಿ ಬಡಿದು ಪೆಟ್ಟಾದರೂ ಒಂದು ಕೋಡಿದೆ, ಡಬ್ಲ್ಯೂ61.62. ಅಪ್ಪನಿಗೆ ಹೇಳಿದರೆ "ಅದನ್ನ ಬರೆಯೋಕೂ ಸಂಬಳ ಕೊಡ್ತಾರಾ?" ಅಂದರು.

ಕೊಡ್ತಾರೆ, ನನಗೆ ಮಾತ್ರ ಕೊಡಲಿಲ್ಲ. ಐದು ಇಂಟರ್‌ವ್ಯೂಗೆ ಹೋದೆ. ಐದೂ ಕಡೆ ಮೊದಲ ಪ್ರಶ್ನೆ "ಡಿಗ್ರಿ ಯಾವುದು?" ಪಿಯುಸಿ ಅಂದೆ. ಅವರಿಗೆ ಬೇಕಿದ್ದದ್ದು ಲೈಫ್ ಸೈನ್ಸ್, ಫಾರ್ಮಸಿ, ಫಿಸಿಯೊಥೆರಪಿ ಓದಿದವರು. ಅಥವಾ ನರ್ಸಿಂಗ್! ಯಾವುದನ್ನು ಬಿಟ್ಟು ಬಂದಿದ್ದೆನೋ ಅದೇ. ಚಿನ್ನದ ಬಣ್ಣದ ಸ್ಟಿಕರ್ ಹಚ್ಚಿದ ನಮ್ಮ ಸರ್ಟಿಫಿಕೇಟನ್ನು ಒಬ್ಬರು ತಿರುಗಿಸಿ ನೋಡಿ, "ಸಿಪಿಸಿ ಆಗಿದೆಯಾ?" ಅಂದರು. ಅದು ಅಮೆರಿಕದ ಎಎಪಿಸಿ ಸಂಸ್ಥೆ ನಡೆಸುವ ಮೆಡಿಕಲ್ ಕೋಡಿಂಗ್ ಪರೀಕ್ಷೆ, ನೂರು ಪ್ರಶ್ನೆ, ನಾಲ್ಕು ಗಂಟೆ. ಅದರ ಫೀಸು ಬೇರೆ, ಅದೂ ಡಾಲರ್ ಲೆಕ್ಕದಲ್ಲಿ. ಕೋರ್ಸಿಗೆ ಅಂತ ನಾವು ಒಟ್ಟು ಕಟ್ಟಿದ 78,000ದಲ್ಲಿ ಅದು ಸೇರಿಲ್ಲ ಅಂತ ಗೊತ್ತಾಗಿದ್ದು ಆಮೇಲೆ.

ಜಗಳಕ್ಕೆ ಹೋದರೆ ನಾನೇ ಸಹಿ ಹಾಕಿದ ಫಾರಂ ತೋರಿಸಿದರು. ಪಾಂಪ್ಲೆಟ್‌ನಲ್ಲಿ "ಪ್ಲೇಸ್‌ಮೆಂಟ್ ಗ್ಯಾರಂಟಿ" ಇತ್ತು. ಫಾರಂನಲ್ಲಿ "ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್". ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ "ನಾನ್ ರಿಫಂಡೆಬಲ್". ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಮಾರ್ಕ್ಸ್ ಕಾರ್ಡ್ ವಾಪಸ್ ಬಂತು, ಪಿನ್ನಿನ ಎರಡು ತೂತಿನ ಸಮೇತ. ದುಡ್ಡು ಬರಲಿಲ್ಲ.

ಮೆಡಿಕಲ್ ಕೋಡಿಂಗ್ ಕೆಟ್ಟ ಕೆಲಸ ಅಂತ ನಾನು ಹೇಳುತ್ತಿಲ್ಲ. ಡಿಗ್ರಿ ಮುಗಿಸಿದವರು ಬೇಕಾದರೆ ನೋಡಿ. ಪಿಯುಸಿ ಮುಗಿಸಿ, ಸೀಟು ಸಿಗಲಿಲ್ಲ ಅಂತ ಗಾಬರಿಯಲ್ಲಿರುವವರು ದಯವಿಟ್ಟು ಒಂದು ವಾರ ಸುಮ್ನೆ ಇರಿ. ಅವತ್ತೇ ದುಡ್ಡು ಕೇಳಿದರೆ ಎದ್ದು ಬನ್ನಿ. ಒರಿಜಿನಲ್ ಕೊಡಬೇಡಿ, ಜೆರಾಕ್ಸ್ ಸಾಕು. ನರ್ಸಿಂಗ್ ಅಥವಾ ಪ್ಯಾರಾಮೆಡಿಕಲ್ ಡಿಗ್ರಿ ಅಂತ ಯಾರಾದರೂ ಕರೆದರೆ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಆ ಕಾಲೇಜಿನ ಹೆಸರು, ಆ ಕೋರ್ಸಿಗೆ ಎಷ್ಟು ಸೀಟು ಅಂತ ಇದೆಯಾ ನೋಡಿ. ಒಂದು ಕೋರ್ಸಿಗಷ್ಟೇ ಮಾನ್ಯತೆ ಇದ್ದು, ಬೋರ್ಡಿನ ಮೇಲೆ ಮಾತ್ರ ಐದು ಕೋರ್ಸು ಇರಬಹುದು.

2025ರಲ್ಲಿ ಮತ್ತೆ ಸಿಇಟಿ ಕಟ್ಟಿ ನರ್ಸಿಂಗ್‌ಗೇ ಸೇರಿದೆ. ಮಾವ ಈಗ ಬಿಪಿ ಚೆಕ್ ಮಾಡು ಅಂತ ತೋಳು ಚಾಚುತ್ತಾರೆ.

ಮೊನ್ನೆ ಅಪ್ಪನ ಮೊಬೈಲಿಗೆ ಅದೇ ಮೇಡಂ ಫೋನ್ ಮಾಡಿದ್ದರು, ತಮ್ಮನ ಪಿಯುಸಿ ರಿಸಲ್ಟ್ ಏನಾಯ್ತು ಅಂತ. ನಾನೇ ಮಾತಾಡಿದೆ. ಪಿಯುಸಿ ಮೇಲೆ ಕೆಲಸ ಕೊಡುವ ಒಂದು ಕಂಪನಿ ಹೆಸರು ವಾಟ್ಸಾಪ್ ಮಾಡಿ ಮೇಡಂ ಅಂದೆ. ಐದು ನಿಮಿಷ, ಕಳಿಸ್ತೀನಿ ಅಂದರು. ಇನ್ನೂ ಬಂದಿಲ್ಲ.