ಲೆಕ್ಕದ ಹಾಳೆ ನೋಡದೆ ಯಾವ ರೇಡಿಂಗ್ ಗಿಲ್ಡ್‌ಗೂ ಸೇರಬೇಡಿ

ಐದು ತಿಂಗಳು, ವಾರಕ್ಕೆ ಎರಡು ರಾತ್ರಿ, ರಾತ್ರಿಗೆ ಮೂರು ತಾಸು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದ ಹಳೆಯ ರೂಪವಾದ ಕ್ಲಾಸಿಕ್‌ನ ಒಂದು ಗಿಲ್ಡ್‌ಗೆ, ಅಂದರೆ ಆಟಗಾರರ ಸಂಘಕ್ಕೆ, ನಾನು ಸುರಿದ ಸಮಯ ಇದು. ಹಲವರು ಸೇರಿ ‘ಬಾಸ್’ ಎನ್ನುವ ಬಲಿಷ್ಠ ಶತ್ರುಗಳ ಮೇಲೆ ಮಾಡುವ ದಾಳಿಯೇ ರೇಡ್, ಅದರಲ್ಲಿ ಒಂದನ್ನೂ ತಪ್ಪಿಸಿರಲಿಲ್ಲ. ಕೊನೆಗೆ ನನ್ನ ಕೈಗೆ ಬರಬೇಕಿದ್ದ ಕತ್ತಿ ಇನ್ನೊಬ್ಬನ ಪಾಲಾಯಿತು. ಕತ್ತಿ ಹೋಯಿತೆಂಬ ಸಂಕಟ ಈಗ ಉಳಿದಿಲ್ಲ. ಆದರೆ ಅದು ಹೋದ ರೀತಿಯನ್ನು ಹೇಳದಿದ್ದರೆ ಇದೇ ಗುಂಡಿಗೆ ಇನ್ನೂ ಹಲವರು ಬೀಳುತ್ತಾರೆ.

ಆ ಗಿಲ್ಡ್ ಬಳಸುತ್ತಿದ್ದುದು ಇಪಿಜಿಪಿ ಪದ್ಧತಿ. ರೇಡ್‌ಗೆ ಬಂದರೆ, ಬಾಸ್ ಸತ್ತರೆ ಶ್ರಮದ ಅಂಕ ಏರುತ್ತದೆ, ಅದು ಇಪಿ. ವಸ್ತು ಪಡೆದರೆ ಅದರ ಬೆಲೆ ನಿಮ್ಮ ಖಾತೆಗೆ ಬೀಳುತ್ತದೆ, ಅದು ಜಿಪಿ. ಇಪಿಯನ್ನು ಜಿಪಿಯಿಂದ ಭಾಗಿಸಿದಾಗ ಬರುವ ಸಂಖ್ಯೆ ಯಾರದು ದೊಡ್ಡದೋ ಮುಂದಿನ ವಸ್ತು ಅವರಿಗೆ. ಹೆಚ್ಚು ದುಡಿದು ಕಡಿಮೆ ಪಡೆದವರು ಸರದಿಯಲ್ಲಿ ಮುಂದಿರುತ್ತಾರೆ. ಪದ್ಧತಿ ಒಳ್ಳೆಯದೇ, ಇಂದಿಗೂ ಅದರಲ್ಲಿ ನನಗೆ ನಂಬಿಕೆಯಿದೆ. ಕೆಟ್ಟದ್ದು ಅದನ್ನು ಬರೆದಿಡುತ್ತಿದ್ದ ಕೈ. ಲೆಕ್ಕದ ಹಾಳೆಯನ್ನು ತೆರೆಯುವ ಅನುಮತಿ ಇದ್ದದ್ದು ಮೂವರು ಅಧಿಕಾರಿಗಳಿಗೆ ಮಾತ್ರ. ಉಳಿದ ನಮಗೆಲ್ಲ ರೇಡ್ ನಡುವೆ ಅವರು ಓದಿ ಹೇಳುವ ಸಂಖ್ಯೆಯೇ ಪ್ರಮಾಣ.

ಬ್ಲ್ಯಾಕ್‌ವಿಂಗ್ ಲೇರ್ ಎಂಬ ರೇಡ್‌ನ ಕೊನೆಯ ಬಾಸ್ ನೆಫೇರಿಯನ್ ಆ ರಾತ್ರಿ ಆಶ್ಕಾಂಡಿ ಬಿಟ್ಟಿತು. ಎರಡು ಕೈಯಲ್ಲಿ ಹಿಡಿಯುವ ಆ ಕತ್ತಿಗಾಗಿ ನನ್ನ ವಾರಿಯರ್ ಎಷ್ಟು ವಾರ ಕಾದಿದ್ದನೋ. ನನ್ನ ಇಪಿ 1800, ಜಿಪಿ 450, ಅನುಪಾತ 4. ಇದನ್ನು ನಾನೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೆ. ಲೂಟ್, ಅಂದರೆ ಬಾಸ್ ಬಿಟ್ಟ ವಸ್ತು, ಹಂಚುವವನು ಓದಿದ ಮೊದಲ ಹೆಸರು ಒಬ್ಬ ಅಧಿಕಾರಿಯದು: ‘4.57’. ಆತ ನನ್ನ ಹಾಗೆಯೇ ವಾರಿಯರ್. ಕತ್ತಿ ಅವನಿಗೆ ಹೋಯಿತು. ಎಲ್ಲರೂ ಅಭಿನಂದಿಸಿದರು, ನಾನೂ ಅಭಿನಂದಿಸಿದೆ.

ಆಮೇಲೆ ನೆನಪಾಯಿತು. ಕೆಲವೇ ವಾರಗಳ ಹಿಂದೆ ರಾಗ್ನರೋಸ್ ಎಂಬ ಬಾಸ್ ಬಿಟ್ಟ ಆನ್‌ಸ್ಲಾಟ್ ಗರ್ಡಲ್ ಎಂಬ ಸೊಂಟಪಟ್ಟಿ ಇವನಿಗೇ ಸಿಕ್ಕಿತ್ತಲ್ಲ! ಅದರ ಬೆಲೆ 200 ಜಿಪಿ. ಅದು ಖಾತೆಗೆ ಬಿದ್ದಿದ್ದರೆ ಅನುಪಾತ ಇಷ್ಟು ಮೇಲಿರುವುದು ಹೇಗೆ? ಹಾಳೆ ತೋರಿಸಿ ಎಂದು ತಕ್ಷಣ ಕೇಳಿದೆ. ‘ರೇಡ್ ಮುಗಿಯಲಿ, ಮಾತಾಡೋಣ’ ಎಂದರು. ರೇಡ್ ಮುಗಿದ ಮೇಲೆ ‘ನಾಳೆ’ ಎಂದರು. ಈ ‘ನಾಳೆ’ಯ ಅರ್ಥ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಕ್ಲಾಸಿಕ್‌ನಲ್ಲಿ ರೇಡ್‌ನ ವಸ್ತು ತಪ್ಪಾದ ಕೈಗೆ ಹೋದರೆ ಬಾಸ್ ಸತ್ತಾಗ ಅಲ್ಲಿದ್ದವರ ನಡುವೆ ಅದನ್ನು ಬದಲಾಯಿಸಿಕೊಳ್ಳಲು ಎರಡು ಗಂಟೆಯ ಅವಕಾಶವಿದೆ. ಅದು ದಾಟಿದರೆ ವಸ್ತು ಪಡೆದವನಿಗೇ ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ಮರುದಿನ ಹಾಳೆ ನೋಡಲು ಸಿಕ್ಕಾಗ ಆ ಎರಡು ಗಂಟೆ ಎಂದೋ ಕಳೆದಿತ್ತು.

ಹಾಳೆಯಲ್ಲಿ ಇದ್ದದ್ದು ಹೀಗೆ. ಆನ್‌ಸ್ಲಾಟ್ ಗರ್ಡಲ್‌ನ ಮುಂದೆ 200ರ ಬದಲು 50 ಎಂದಿತ್ತು, ಪಕ್ಕದಲ್ಲಿ ‘ಆಫ್‌ಸ್ಪೆಕ್’ ಎಂಬ ಟಿಪ್ಪಣಿ. ಅಂದರೆ ಎರಡನೆಯ ಪಾತ್ರಕ್ಕಾಗಿ ಪಡೆದದ್ದು, ಆದ್ದರಿಂದ ಕಾಲು ಬೆಲೆ. ಆ ದಿನ ಆತ ಟ್ಯಾಂಕ್, ಅಂದರೆ ಶತ್ರುವಿನ ಏಟು ತಡೆದುಕೊಳ್ಳುವವ ಆಗಿದ್ದ, ಹೊಡೆತ ಹೆಚ್ಚಿಸುವ ಸೊಂಟಪಟ್ಟಿ ಅವನಿಗೆ ಎರಡನೆಯ ಪಾತ್ರದ ವಸ್ತು. ಆಶ್ಕಾಂಡಿ ಬಿದ್ದ ದಿನ ಅದೇ ಮನುಷ್ಯನ ಮುಖ್ಯ ಪಾತ್ರವೇ ಹೊಡೆಯುವುದು ಎಂದಾಗಿತ್ತು! ಅಗ್ಗಕ್ಕೆ ಬೇಕಾದಾಗ ಟ್ಯಾಂಕ್, ಆದ್ಯತೆ ಬೇಕಾದಾಗ ಹೊಡೆಯುವವ. ಅವನ ಇಪಿ 1600. ಸರಿಯಾದ ಜಿಪಿ 500 ಆಗಬೇಕಿತ್ತು, ಅನುಪಾತ 3.2. ಹಾಳೆಯಲ್ಲಿದ್ದ ಜಿಪಿ 350, ಅನುಪಾತ 4.57. ಒಂದು ಸಾಲಿನಲ್ಲಿ ಒಂದು ಸಂಖ್ಯೆ, ಅಷ್ಟೇ ಸಾಕಾಗಿತ್ತು.

ಪಾತ್ರ ಬದಲಿಸುವ ಬಗ್ಗೆ ನಿಯಮವೇನೆಂದು ಕೇಳಿದೆ. ಬರೆದಿಟ್ಟ ನಿಯಮವೇ ಇರಲಿಲ್ಲ. ಬಡಿಸುವವ ನಮ್ಮವನಾದರೆ ಕೊನೆಯ ಪಂಕ್ತಿಯಾದರೇನು ಎಂಬ ಗಾದೆಯನ್ನು ಎಷ್ಟೋ ಸಲ ಕೇಳಿದ್ದೆ, ಅಲ್ಲಿ ಬಡಿಸುವವನೂ ಉಣ್ಣುವವನೂ ಒಬ್ಬನೇ ಆಗಿದ್ದ. ಮಾತು ಬೆಳೆದಾಗ ‘ನಿನಗೆ ಗಿಲ್ಡ್‌ಗಿಂತ ಲೂಟ್ ಮುಖ್ಯ’ ಎಂಬ ಆರೋಪ ಬಂತು. ಆ ಮಾತು ನನ್ನನ್ನು ಕತ್ತಿಗಿಂತ ಹೆಚ್ಚು ನೋಯಿಸಿತು. ಗಿಲ್ಡ್ ಬಿಟ್ಟೆ. ನನ್ನ 1800 ಅಂಕಗಳು ಅಲ್ಲೇ ಉಳಿದವು, ಹೊರಗೆ ಅವಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಇದನ್ನು ಚೆನ್ನಾಗಿ ನೆನಪಿಡಿ. ಅಂಕ ಎನ್ನುವುದು ಗಿಲ್ಡ್ ನಿಮಗೆ ಕೊಟ್ಟ ಮಾತು, ಮಾತು ಕೊಟ್ಟವರು ತಪ್ಪಿದರೆ ವಸೂಲಿ ಮಾಡುವ ದಾರಿಯೇ ಇಲ್ಲ.

ಈ ಜಗಳ ಹೊಸದಲ್ಲ. ಅಂಕ ಕೂಡಿಟ್ಟು ವಸ್ತು ಕೊಳ್ಳುವ ಡಿಕೆಪಿ (ಡ್ರ್ಯಾಗನ್ ಕಿಲ್ ಪಾಯಿಂಟ್ಸ್) ಪದ್ಧತಿ 1999ರಲ್ಲೇ ಎವರ್‌ಕ್ವೆಸ್ಟ್ ಆಟದ ಗಿಲ್ಡ್‌ನಲ್ಲಿ ಹುಟ್ಟಿತು. ಹೆಸರಿನಲ್ಲಿರುವ ಡ್ರ್ಯಾಗನ್ ಬಂದದ್ದು ಆ ಆಟದ ದೊಡ್ಡ ಬೇಟೆಗಳಿಂದ. ವಾರ್‌ಕ್ರಾಫ್ಟ್‌ನ ಮುಖ್ಯ ಆಟದಲ್ಲಿ 2018ರ ವಿಸ್ತರಣೆಯೊಂದಿಗೆ ಹಂಚುವ ಅಧಿಕಾರವನ್ನು ಆಟಗಾರರ ಕೈಯಿಂದ ತೆಗೆದು ಎಲ್ಲರಿಗೂ ವೈಯಕ್ತಿಕ ಲೂಟ್ ಮಾಡಿದರು, ಅಂದರೆ ಯಾರಿಗೆ ಏನು ಎಂದು ಆಟವೇ ನಿರ್ಧರಿಸಿ ನೇರವಾಗಿ ಕೊಡುತ್ತಿತ್ತು. 2022ರಲ್ಲಿ ಡ್ರ್ಯಾಗನ್‌ಫ್ಲೈಟ್ ಎಂಬ ವಿಸ್ತರಣೆ ಬಂದಾಗ ದಾಳ ಉರುಳಿಸಿ ಹಂಚಿಕೊಳ್ಳುವ ಗುಂಪು ಲೂಟ್ ರೇಡ್‌ಗಳಿಗೆ ಮತ್ತೆ ಮರಳಿತು. ಎರಡು ದಾರಿಯಲ್ಲೂ ದೂರುಗಳಿದ್ದವು.

ಕೆಲವರು ಕೂತು ಚರ್ಚಿಸಿ ಹಂಚುವ ಲೂಟ್ ಕೌನ್ಸಿಲ್ ಎಂದರೆ ಪಕ್ಷಪಾತ, ಅಂಕವಿದ್ದರೆ ನ್ಯಾಯ ಎಂದು ಹಲವರು ನಂಬಿದ್ದಾರೆ, ನಾನೂ ನಂಬಿದ್ದೆ. ಈಗ ಹಾಗೆ ಹೇಳಲಾರೆ. ಕೌನ್ಸಿಲ್‌ನವರು ಕತ್ತಿ ಯಾಕೆ ಅವನಿಗೆ ಎಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ, ಆಗ ವಾದಿಸಬಹುದು. ದಶಮಾಂಶದವರೆಗೆ ಓದಿದ ಸಂಖ್ಯೆಯೊಡನೆ ಯಾರೂ ವಾದಕ್ಕೆ ಇಳಿಯುವುದಿಲ್ಲ. ಆ ರಾತ್ರಿ 40 ಜನರಲ್ಲಿ ನನ್ನನ್ನು ಬಿಟ್ಟು ಒಬ್ಬರೂ ಪ್ರಶ್ನಿಸಲಿಲ್ಲ.

ಹಾಗಾಗಿ ಸೇರುವ ಮೊದಲೇ ಕೇಳಿ: ಹಾಳೆ ಎಲ್ಲರಿಗೂ ತೆರೆದಿದೆಯೇ? ಕಳೆದ ಎರಡು ತಿಂಗಳ ಹಂಚಿಕೆ, ಅಧಿಕಾರಿಗಳು ಪಡೆದದ್ದೂ ಸೇರಿದಂತೆ, ನೋಡಬಹುದೇ? ಎರಡನೆಯ ಪಾತ್ರಕ್ಕೆ ರಿಯಾಯಿತಿ ಇದ್ದರೆ ಮುಖ್ಯ ಪಾತ್ರವನ್ನು ಯಾವಾಗ, ಎಷ್ಟು ಸಲ ಬದಲಿಸಬಹುದು ಎಂದು ಬರೆದಿಟ್ಟಿದ್ದಾರೆಯೇ? ತಕರಾರು ಬಂದರೆ ಆ ಎರಡು ಗಂಟೆಯೊಳಗೇ ತೀರ್ಮಾನವಾಗುತ್ತದೆಯೇ? ಇವುಗಳಲ್ಲಿ ಒಂದಕ್ಕೆ ‘ನಮ್ಮ ಮೇಲೆ ನಂಬಿಕೆಯಿಡಿ’ ಎಂಬ ಉತ್ತರ ಬಂದರೂ ಆ ಗಿಲ್ಡ್ ಬೇಡ. ಒಂದೆರಡು ರಾತ್ರಿ ಮಾತ್ರ ಆಡುವವರಾದರೆ ಸಾಫ್ಟ್ ರಿಸರ್ವ್ ಗುಂಪು ಹುಡುಕಿಕೊಳ್ಳಿ. ಬೇಕಾದ ವಸ್ತುವನ್ನು ರೇಡ್‌ಗೆ ಮೊದಲೇ ಎಲ್ಲರೂ ಬರೆಯುತ್ತಾರೆ, ಇಬ್ಬರು ಬರೆದಿದ್ದರೆ ದಾಳ. ಅದೃಷ್ಟ ಕೈಕೊಟ್ಟರೂ ಐದು ತಿಂಗಳ ದುಡಿಮೆ ಮುಳುಗುವುದಿಲ್ಲ.

ಈಗ ನಾನಿರುವ ಗಿಲ್ಡ್‌ನಲ್ಲಿ ವಸ್ತು ಕೈಗೆ ಕೊಡುವ ಮೊದಲೇ ಹಾಳೆಯ ಸಾಲು ಬದಲಾಗುತ್ತದೆ, ಯಾರು ಬದಲಿಸಿದರು ಎಂಬುದೂ ಅಲ್ಲೇ ಕಾಣುತ್ತದೆ. ಕಳೆದ ವಾರ ಗಿಲ್ಡ್‌ನ ಮುಖ್ಯಸ್ಥೆಯ ಖಾತೆಗೆ 40 ಜಿಪಿ ಕಡಿಮೆ ಬಿದ್ದಿತ್ತು. ಸೇರಿ ಎರಡೇ ವಾರವಾಗಿದ್ದ ಹುಡುಗನೊಬ್ಬ ಅದನ್ನು ಎತ್ತಿ ತೋರಿಸಿದ. ಅವರು ಧನ್ಯವಾದ ಹೇಳಿ, ಮುಂದಿನ ಬಾಸ್‌ಗೆ ಹೋಗುವ ಮೊದಲೇ ಸರಿಪಡಿಸಿದರು.