ಒಂದು ಕೈಯಲ್ಲಿ ನಾಯಿ, ಇನ್ನೊಂದು ಕೈಯಲ್ಲಿ ಕ್ಯಾಮೆರಾ: ಬೀದಿ ಹೂಗಳ ಫೋಟೋಗೆ ಯಾವುದು ಒಗ್ಗುತ್ತೆ?

ಮೊದಲೇ ಹೇಳಿಬಿಡ್ತೀನಿ, ನನ್ನ ವೋಟು ಒಲಿಂಪಸ್ ಟಿಜಿ-6 ಅನ್ನೋ ಪುಟ್ಟ ಕ್ಯಾಮೆರಾಗೆ. ಹೊಸದಲ್ಲ, ಸೆಕೆಂಡ್ ಹ್ಯಾಂಡ್. 2019ರಲ್ಲಿ ಬಂದ ಮಾಡೆಲ್ಲು. ಅದರ ಮುಂದಿನದು ಟಿಜಿ-7, 2023ರಲ್ಲಿ ಓಎಂ ಸಿಸ್ಟಮ್ ಅನ್ನೋ ಹೆಸರಿನಲ್ಲಿ ಬಂತು. ನಾನು ಕೊಟ್ಟಿದ್ದು 22,000 ರೂಪಾಯಿ. ಆ ದುಡ್ಡಿಗೆ ಒಳ್ಳೇ ಫೋನೇ ಬರ್ತಿತ್ತಲ್ಲ ಅಂತ ಮನೆಯಲ್ಲಿ ಕೇಳಿದರು. ಬರುತ್ತೆ. ಆದರೆ ನನ್ನ ಜೊತೆ ಬೆಳಿಗ್ಗೆ ಒಂದು ರೌಂಡು ಬಂದು ನೋಡಿದರೆ ಆ ಪ್ರಶ್ನೆ ಯಾರೂ ಕೇಳಲ್ಲ.

ನಾವಿರೋದು ಬೆಂಗಳೂರಿನ ಬನಶಂಕರಿ ಕಡೆ. ಬೆಲ್ಲ ನಮ್ಮ ನಾಯಿ, ಅರ್ಧ ಮುಧೋಳ, ಇನ್ನರ್ಧ ಬೀದಿಯ ಕೊಡುಗೆ. ಮುಧೋಳದ ಕಡೆಯಿಂದ ಬಂದಿರೋದು ಕಣ್ಣು ಮತ್ತು ಕಾಲು: ಅಳಿಲು ಕಂಡರೆ ಸಾಕು, ಹಗ್ಗ ಬಿಗಿಯೋ ಮುಂಚೆ ಓಡಿರ್ತಾಳೆ. ಹಗ್ಗ ನನ್ನ ಎಡಗೈಗೆ ಎರಡು ಸುತ್ತು. ಅದೇ ಕೈಯ ಬೆರಳಿಗೆ ಕಕ್ಕ ಎತ್ತೋ ಕವರ್. ಫೋಟೋಗೆ ಅಂತ ಉಳಿಯೋದು ಬಲಗೈ ಒಂದೇ, ಅದೂ ಅವಳು ಯಾವುದೋ ಕಂಬದ ಬುಡ ಮೂಸುತ್ತಾ ನಿಲ್ಲೋ ಹತ್ತು ಸೆಕೆಂಡು ಮಾತ್ರ. ಹಾಗಾಗಿ ಮೆಗಾಪಿಕ್ಸೆಲ್ ಎಷ್ಟು, ಸೆನ್ಸರ್ ಎಷ್ಟು ದೊಡ್ಡದು ಅನ್ನೋದೆಲ್ಲ ಇಲ್ಲಿ ಆಮೇಲಿನ ಮಾತು. ಒಂದೇ ಕೈಯಲ್ಲಿ, ಹತ್ತು ಸೆಕೆಂಡಲ್ಲಿ ಆಗುತ್ತಾ ಇಲ್ವಾ? ನಾನು ಹೋಲಿಸಿದ್ದು ಇದನ್ನೇ.

ಇನ್ನೊಂದು ವಿಷಯ. ಈ ಊರಲ್ಲಿ ಹೂವಿನ ಫೋಟೋ ಅಂದ ತಕ್ಷಣ ಎಲ್ಲರೂ ತಲೆ ಎತ್ತುತ್ತಾರೆ. ತಪ್ಪೇನಿಲ್ಲ. ಚಳಿ ಮುಗಿಯುತ್ತಿದ್ದ ಹಾಗೆ ಗುಲಾಬಿ ಟಬೆಬುಯಾ, ಅದರ ಹಿಂದೆಯೇ ಹಳದಿಯದು, ಆಮೇಲೆ ಜಕರಂಡಾ, ಏಪ್ರಿಲ್-ಮೇ ಹೊತ್ತಿಗೆ ಕಕ್ಕೆ, ಗುಲ್‌ಮೊಹರ್. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಒಂದಾದ ಮೇಲೊಂದು ಅರಳೋ ಹಾಗೆ ಮರ ಆರಿಸಿ ನೆಡಿಸಿದರು ಅಂತಾರೆ. ಫೋನು ಹಿಡಿದು ನಿಲ್ಲೋ ನಾವೆಲ್ಲ ಅವರ ಸಾಲಗಾರರು. ಆದರೆ ಮರದ ಫೋಟೋಗೆ ಯಾವ ಕ್ಯಾಮೆರಾವೂ ಬೇಡ, ಜೇಬಲ್ಲಿರೋ ಫೋನೇ ಸಾಕು, ಅಲ್ಲಿಗೆ ಆ ಮಾತು ಮುಗೀತು. ನನಗೆ ಬೇಕಿರೋದು ಬೆಲ್ಲನ ಮೂಗಿನ ಎತ್ತರದಲ್ಲಿ ಇರುವಂಥದ್ದು. ಖಾಲಿ ಸೈಟಿನ ತುಂಬೆ, ಮುಟ್ಟಿದರೆ ಮುನಿ, ಬೇಲಿಯ ಲಂಟಾನ, ಚರಂಡಿ ಕಲ್ಲಿನ ಸಂದಿಯಲ್ಲಿ ಬರೋ ಬಿಳಿ ಎಸಳು, ಹಳದಿ ನಡುವಿನ ಟ್ರೈಡ್ಯಾಕ್ಸ್. ಅರ್ಧ ಇಂಚೂ ಇಲ್ಲದ ಹೂಗಳು.

ಫೋನಿಂದ ಶುರು ಮಾಡೋಣ. ಅದರ ಮ್ಯಾಕ್ರೋ ಮೋಡ್, ಅಂದರೆ ತೀರಾ ಹತ್ತಿರದಿಂದ ತೆಗೆಯೋ ಮೋಡ್ ಬಗ್ಗೆ ಜಾಹೀರಾತಲ್ಲಿ ಬೇಕಾದಷ್ಟು ಹೇಳಿರ್ತಾರೆ. ಬಹಳಷ್ಟು ದುಬಾರಿ ಫೋನುಗಳಲ್ಲಿ ಈ ಮ್ಯಾಕ್ರೋ ಅಂದರೆ ಅಲ್ಟ್ರಾವೈಡ್ ಕಣ್ಣು (ಅಗಲವಾಗಿ ನೋಡೋ ಲೆನ್ಸು) ಹೂವಿಗೆ ಎರಡು ಮೂರು ಸೆಂಟಿಮೀಟರ್ ಹತ್ತಿರ ಹೋಗಿ ನೋಡೋದು. ಅಷ್ಟು ಹತ್ತಿರ ಹೋದರೆ ಫೋನಿನ ನೆರಳೇ ಹೂವಿನ ಮೇಲೆ ಬೀಳುತ್ತೆ, ಕೂತಿದ್ದ ಜೇನ್ನೊಣ ಎದ್ದು ಹೋಗುತ್ತೆ. ಕಡಿಮೆ ಬೆಲೆಯ ಫೋನುಗಳ 2 ಮೆಗಾಪಿಕ್ಸೆಲ್ ಮ್ಯಾಕ್ರೋ ಕಣ್ಣು ಲೆಕ್ಕ ತುಂಬಿಸೋಕೆ ಇಟ್ಟಿರೋದು, ಬಿಟ್ಟುಬಿಡಿ. ಫೋನಲ್ಲೇ ತೆಗೀಬೇಕು ಅಂದರೆ ಒಂದು ಅಡಿಗಿಂತ ಸ್ವಲ್ಪ ದೂರ ನಿಂತು 2ಎಕ್ಸ್ ಅಥವಾ 3ಎಕ್ಸ್ ಜೂಮ್ ಹಾಕಿ. ನೆರಳು ಬೀಳಲ್ಲ, ಹಿಂದಿನ ಕಸವೂ ಮಸುಕಾಗುತ್ತೆ. ದಾಸವಾಳಕ್ಕೆ ಮಾತ್ರ ಎಕ್ಸ್‌ಪೋಷರ್ ಅಂದರೆ ಬೆಳಕು ಒಂದು ಚೂರು ಇಳಿಸಿ. ಇಲ್ಲದಿದ್ದರೆ ಕೆಂಪೆಲ್ಲ ಒಂದೇ ಮುದ್ದೆಯಾಗಿ ಎಸಳಿನ ಗೆರೆಗಳೇ ಕಾಣಲ್ಲ.

ಈಗ ಕ್ಲಿಪ್ ಲೆನ್ಸಿನ ಕಥೆ. ಎಂಟುನೂರು ರೂಪಾಯಿ ಚಿಲ್ಲರೆ. ಬಟ್ಟೆ ಒಣಗಿಸೋ ಕ್ಲಿಪ್ಪಿನ ಥರದ್ದೇ ಒಂದು, ಅದರ ತುದಿಗೆ ಗಾಜು. ಫೋನಿನ ಕ್ಯಾಮೆರಾ ಮೇಲೆ ಸಿಗಿಸಿದರೆ ಇರುವೆಯ ಮೀಸೆವರೆಗೂ ಕಾಣುತ್ತೆ ಅಂತ ವಿಡಿಯೋಗಳಲ್ಲಿ ತೋರಿಸ್ತಾರೆ. ಸುಳ್ಳಲ್ಲ, ಕಾಣುತ್ತೆ. ಆದರೆ ಆ ವಿಡಿಯೋ ಮಾಡೋರು ಮೇಜಿನ ಮೇಲೆ ಹೂವಿಟ್ಟುಕೊಂಡು ಎರಡೂ ಕೈಯಲ್ಲಿ ಮಾಡ್ತಾರೆ, ಅವರ ಫೋನಿನ ಕಣ್ಣುಗಳ ಬಗ್ಗೆ ಒಂದು ಮಾತೂ ಹೇಳಲ್ಲ.

ನನ್ನ ಫೋನಿಗೆ ಹಿಂದೆ ಮೂರು ಕಣ್ಣು. ಕ್ಲಿಪ್ ಹಾಕಬೇಕಿರೋದು ಮುಖ್ಯ ಕಣ್ಣಿನ ಮೇಲೆ. ಕವರ್ ಇದ್ದರೆ ಕ್ಲಿಪ್ ಸರಿಯಾಗಿ ಕೂರಲ್ಲ, ಹಾಗಾಗಿ ಮೊದಲು ಕವರ್ ಬಿಚ್ಚಬೇಕು. ಒಂದು ಕೈಯಲ್ಲಿ ಫೋನ್ ಕವರ್ ಬಿಚ್ಚಿ ನೋಡಿ ಒಮ್ಮೆ. ಬಿಚ್ಚಿ, ಕ್ಲಿಪ್ ಸಿಗಿಸಿ, ಗಾಜಿನ ನಡು ಕಣ್ಣಿನ ನಡುವಿಗೆ ಬರೋ ಹಾಗೆ ಕೂದಲೆಳೆಯಷ್ಟು ಆ ಕಡೆ ಈ ಕಡೆ ಸರಿಸಿ, ಹೂವಿನ ಹತ್ತಿರ ಹೋದರೆ ಅಸಲಿ ತಮಾಷೆ ಶುರು. ಏನೋ ಹತ್ತಿರ ಬಂತು ಅಂತ ಫೋನು ತಾನಾಗೇ ಮುಖ್ಯ ಕಣ್ಣು ಬಿಟ್ಟು ಅಲ್ಟ್ರಾವೈಡ್ ಕಣ್ಣಿಗೆ ಹಾರುತ್ತೆ. ಆ ಕಣ್ಣಿನ ಮೇಲೆ ಕ್ಲಿಪ್ ಇಲ್ಲ. ಅದಕ್ಕೆ ಅಡ್ಡ ಇರೋದು ಕ್ಲಿಪ್ಪಿನ ರಬ್ಬರ್ ಅಂಚು. ಸ್ಕ್ರೀನಲ್ಲಿ ಅರ್ಧ ಕಪ್ಪು, ಉಳಿದರ್ಧ ಮಂಜು. ಫೋನು ಹಿಂದಕ್ಕೆ ತಂದರೆ ಮತ್ತೆ ಮುಖ್ಯ ಕಣ್ಣು, ಹತ್ತಿರ ಹೋದರೆ ಮತ್ತೆ ಕಪ್ಪು. ಹೂವಿನ ಮುಂದೆ ಕುಕ್ಕರಗಾಲಲ್ಲಿ ಕೂತು ಹೀಗೆ ಹಿಂದೆ ಮುಂದೆ ಹೋಗ್ತಾ ಇದ್ದರೆ ಎದುರು ಮನೆ ಮೇಲಿಂದ ನೋಡೋರಿಗೆ ಇವನಿಗೇನಾಯ್ತಪ್ಪಾ ಅನ್ನಿಸದೇ ಇರಲ್ಲ.

ಸೆಟ್ಟಿಂಗಲ್ಲಿ ಆಟೋ ಮ್ಯಾಕ್ರೋ ಆಫ್ ಮಾಡಬಹುದು. ಮಾಡಿದೆ. ಕ್ಯಾಮೆರಾ ಆಪ್ ಮುಚ್ಚಿ ತೆಗೆದರೆ ನನ್ನ ಫೋನಲ್ಲಿ ಅದು ತಾನೇ ಆನ್ ಆಗಿರುತ್ತೆ. ಎಲ್ಲವನ್ನೂ ನಾವೇ ಹೊಂದಿಸೋ ಪ್ರೋ ಮೋಡಿಗೆ ಹೋದರೆ ಕಣ್ಣು ಬದಲಾಗಲ್ಲ, ಒಪ್ಪಿಕೊಂಡೆ, ಆದರೆ ಆ ಮೋಡಿಗೆ ಹೋಗೋಕೆ ಎರಡು ಸಲ ಒತ್ತಿ ಒಂದು ಸಲ ಎಳೀಬೇಕು. ಅಷ್ಟೊತ್ತಿಗೆ ಕಂಬದ ಸುದ್ದಿ ಓದಿ ಮುಗಿಸಿದ ಬೆಲ್ಲ ಮುಂದಿನ ಕಂಬಕ್ಕೆ ಹೊರಟಿರ್ತಾಳೆ.

ಎಲ್ಲ ಸರಿಹೋಯಿತು ಅಂತಿಟ್ಟುಕೊಳ್ಳಿ. ಈ ಥರದ ಲೆನ್ಸಿನಲ್ಲಿ ಸ್ಪಷ್ಟವಾಗಿ ಕಾಣೋ ಆಳ ಒಂದೆರಡು ಮಿಲಿಮೀಟರ್ ಅಷ್ಟೇ. ಎಡಗೈಯ ಹಗ್ಗ ಸ್ವಲ್ಪ ಜಗ್ಗಿದರೂ ಅದು ಭುಜ ದಾಟಿ ಬಲಗೈಗೆ ಬರುತ್ತೆ, ತುಂಬೆ ಹೂವಿನ ತುಟಿಯ ಮೇಲಿದ್ದ ಫೋಕಸ್ಸು ಹಿಂದಿನ ಎಲೆಗೆ ಹೋಗಿರುತ್ತೆ. ಗಾಳಿ ಬೀಸಿದರಂತೂ ಕೇಳಲೇಬೇಡಿ. ಜೇಬಿಗೆ ಹಾಕಿದರೆ ಗಾಜಿಗೆ ನೂಲು, ಧೂಳು. ಅದರ ಪುಟಾಣಿ ಮುಚ್ಚಳ ಮೊದಲ ವಾರದಲ್ಲೇ ಎಲ್ಲೋ ಬಿದ್ದುಹೋಯಿತು. ಎಂಟುನೂರು ರೂಪಾಯಿ ಹೋಗಿದ್ದಕ್ಕಲ್ಲ, ಒಂದು ಮುಂಗಾರು ಪೂರ್ತಿ ಹೂಗಳು ಮಸುಕಾಗಿ ಹೋದವಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತೆ.

ಡಿಎಸ್‌ಎಲ್‌ಆರ್ ಅನ್ನೋ, ಲೆನ್ಸು ಬದಲಿಸಬಹುದಾದ ದೊಡ್ಡ ಕ್ಯಾಮೆರಾ ನಮ್ಮಲ್ಲಿ ಮೊದಲಿಂದ ಇತ್ತು, ಜೊತೆಗೊಂದು 50 ಎಂಎಂ ಲೆನ್ಸು. ಚಿತ್ರದ ಗುಣಮಟ್ಟದಲ್ಲಿ ಇದನ್ನು ಮೀರಿಸೋದು ಈ ಪಟ್ಟಿಯಲ್ಲಿ ಯಾವುದೂ ಇಲ್ಲ, ಆ ವಿಷಯದಲ್ಲಿ ವಾದ ಬೇಡ. ತೊಂದರೆ ಏನಂದರೆ ಸಾಮಾನ್ಯ 50 ಎಂಎಂ ಲೆನ್ಸು 35ರಿಂದ 45 ಸೆಂಟಿಮೀಟರಿಗಿಂತ ಹತ್ತಿರಕ್ಕೆ ಫೋಕಸ್ ಆಗಲ್ಲ, ಸಣ್ಣ ಹೂ ಚಿತ್ರದಲ್ಲಿ ಸಣ್ಣದಾಗೇ ಉಳಿಯುತ್ತೆ. ಅದಕ್ಕೊಂದು ಕ್ಲೋಸಪ್ ಗಾಜು ಹಾಕಬಹುದು, ಇಲ್ಲವೇ ನಿಜವಾದ ಮ್ಯಾಕ್ರೋ ಲೆನ್ಸು ಕೊಳ್ಳಬಹುದು. ಎರಡನೆಯದಕ್ಕೆ ಹಾಕೋ ದುಡ್ಡಲ್ಲಿ ಬೆಲ್ಲನ ವರ್ಷದ ಊಟ ಬರುತ್ತೆ. ಮುಕ್ಕಾಲು ಕಿಲೋ ತೂಕ ಕೊರಳಿಗೆ ನೇತುಹಾಕಿಕೊಂಡು ಅಳಿಲಿನ ಹಿಂದೆ ಓಡೋ ನಾಯಿಯ ಜೊತೆ ಹೋಗೋದು ಇನ್ನೊಂದು ಕಷ್ಟ. ಅದು ಎದೆಗೂ ಬಡಿಯುತ್ತೆ, ಕಾಂಪೌಂಡಿಗೂ ಬಡಿಯುತ್ತೆ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ದೊಡ್ಡ ಕ್ಯಾಮೆರಾ ಕಂಡರೆ ಬೀದಿಯೇ ಬದಲಾಗುತ್ತೆ. ಒಂದು ಮನೆ ಗೇಟಿಂದ ಹೊರಗೆ ಬಾಗಿದ್ದ ಶಂಖಪುಷ್ಪದ ಬಳ್ಳಿಗೆ ಕ್ಯಾಮೆರಾ ಹಿಡಿದಿದ್ದೆ. ಒಳಗಿಂದ ಯಜಮಾನರು ಬನಿಯನ್ನಲ್ಲೇ ಬಂದರು.

"ಏನ್ ಸಾರ್, ಕಾರ್ಪೊರೇಷನ್ನೋರಾ?"

"ಇಲ್ಲ ಸಾರ್, ಹೂವಿನ ಫೋಟೋ."

"ಮೂರನೇ ಮಹಡಿದು ಪ್ಲಾನ್ ಇದೆ ಸಾರ್, ಬೇಕಾದ್ರೆ ತೋರಿಸ್ತೀನಿ."

ನಾನು ಹೂ ತೋರಿಸಿದೆ, ಅವರು ಮೂರನೇ ಮಹಡಿ ತೋರಿಸಿದರು. ಬೆಲ್ಲನನ್ನು ನೋಡಿದ ಮೇಲೇ ಅವರಿಗೆ ಸಮಾಧಾನ ಆಗಿದ್ದು. ಸರ್ವೆ ಮಾಡೋರು ನಾಯಿ ಕರ್ಕೊಂಡು ಬರಲ್ಲ ಅಂತ ಹೊಳೆದಿರಬೇಕು. ಕೈಯಲ್ಲಿ ಸಣ್ಣ ಕ್ಯಾಮೆರಾ ಇದ್ದರೆ ಯಾರೂ ಏನೂ ಕೇಳಲ್ಲ. ಬೆಳಿಗ್ಗೆ ಐದೂವರೆಗೇ ಕೋಲು, ಕವರ್ ಹಿಡಿದು ಬೇರೆಯವರ ಗಿಡದ ಹೂ ಕಿತ್ತು ದೇವರಿಗೆ ಒಯ್ಯೋ ಅಜ್ಜಿಯನ್ನೂ ಯಾರೂ ಕೇಳಲ್ಲ ಅನ್ನೋದು ಬೇರೆ ಮಾತು. ನಮ್ಮ ಬೀದಿಯಲ್ಲಿ ಆ ಅಜ್ಜಿ ಬರೋ ಮುಂಚೆ ಹೋದರೆ ಮಾತ್ರ ಪಾರಿಜಾತ ನನ್ನ ಪಾಲಿಗೆ ಉಂಟು.

ಟಿಜಿ-6 ಗೆದ್ದಿದ್ದು ಇಂಥ ಕಡೆಯೇ. 253 ಗ್ರಾಂ ತೂಕ, ಮಣಿಕಟ್ಟಿಗೆ ಪಟ್ಟಿ. ಮೇಲಿರೋ ಚಕ್ರವನ್ನು ಸೂಕ್ಷ್ಮದರ್ಶಕದ ಗುರುತಿಗೆ ತಿರುಗಿಸಿಟ್ಟರೆ ಲೆನ್ಸಿನಿಂದ ಒಂದು ಸೆಂಟಿಮೀಟರ್ ದೂರದಿಂದ ಹಿಡಿದು 30 ಸೆಂಟಿಮೀಟರ್‌ವರೆಗೆ ಫೋಕಸ್ ಆಗುತ್ತೆ, ಜೂಮ್ ಮಾಡಿದರೂ ಆಗುತ್ತೆ. ಆನ್ ಮಾಡು, ಬಗ್ಗು, ಅರ್ಧ ಒತ್ತು, ಪೂರ್ತಿ ಒತ್ತು. ಯಾವ ಕಣ್ಣೂ ಬದಲಾಗಲ್ಲ, ಇರೋದೇ ಒಂದು ಕಣ್ಣು. ಜೂಮ್ ಹಾಕಿ ತುಸು ದೂರ ನಿಂತರೆ ನೆರಳಿನ ಕಾಟವೂ ತಪ್ಪುತ್ತೆ.

ಮೊದಲ ಬೆಳಿಗ್ಗೆ ತೆಗೆದ ಟ್ರೈಡ್ಯಾಕ್ಸ್ ಚಿತ್ರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ನಡುವಿನ ಹಳದಿ ಬೊಟ್ಟು ಅಂದುಕೊಂಡಿದ್ದು ಬೊಟ್ಟಲ್ಲ, ಒತ್ತೊತ್ತಾಗಿ ನಿಂತ ಪುಟಾಣಿ ಹೂಗಳು, ಒಂದೊಂದರ ಬಾಯಿಗೂ ಐದು ಚೂಪು. ಓದಿದ್ದು ಗೊತ್ತಿತ್ತು, ನೋಡಿರಲಿಲ್ಲ. ತುಂಬೆಯ ಮೇಲ್ತುಟಿಯ ಬಿಳಿ ರೋಮವೂ ಹಾಗೇ. ಮುಟ್ಟಿದರೆ ಮುನಿಯ ಗುಲಾಬಿ ಚೆಂಡು ಪೂರ್ತಿ ಕೇಸರಗಳೇ, ಎಸಳು ಹುಡುಕಿದರೆ ಬುಡದಲ್ಲೆಲ್ಲೋ ಇರುತ್ತೆ.

ಇದಕ್ಕೆ ಫೋಕಸ್ ಸ್ಟ್ಯಾಕಿಂಗ್ ಅಂತಲೂ ಒಂದು ಇದೆ: ಬೇರೆ ಬೇರೆ ಆಳದಲ್ಲಿ ಸಾಲಾಗಿ ಚಿತ್ರ ತೆಗೆದು ಕ್ಯಾಮೆರಾದೊಳಗೇ ಸೇರಿಸುತ್ತೆ. ನಾಯಿ ಜೊತೆ ಇದ್ದಾಗ ಉಪಯೋಗವಿಲ್ಲ. ಹೂ ಅಲ್ಲಾಡಬಾರದು, ನಾನೂ ಅಲ್ಲಾಡಬಾರದು, ಎರಡೂ ಆಗದ ಮಾತು. ಲೆನ್ಸಿನ ಸುತ್ತ ಸಿಗಿಸೋ ಎಲ್‌ಜಿ-1 ಅನ್ನೋ ಬೆಳಕಿನ ಬಳೆ ಮಾತ್ರ ಕೊಳ್ಳಲೇಬೇಕು. ಕ್ಯಾಮೆರಾದ ಎಲ್‌ಇಡಿ ಬೆಳಕನ್ನೇ ಅದು ಸುತ್ತಲೂ ಹರಡುತ್ತೆ, ಬ್ಯಾಟರಿ ಬೇಡ.

ಮಳೆಗೆ ಹೆದರಬೇಕಿಲ್ಲ, 15 ಮೀಟರ್ ನೀರಿನಾಳಕ್ಕೆ ತಾಳೋ ಯಂತ್ರ. ಕೆಸರು, ನಾಯಿ ಜೊಲ್ಲು ಏನಾದರೂ ಹತ್ತಿದರೆ ಮನೆಗೆ ಬಂದು ನಲ್ಲಿ ಕೆಳಗೆ ಹಿಡಿದು ತೊಳೀತೀನಿ. ಚಾರ್ಜಿಂಗ್ ಹಳೇ ಮೈಕ್ರೋ ಯುಎಸ್‌ಬಿ. ಟಿಜಿ-7ಗೆ ಸಿ ಟೈಪ್ ಕೊಟ್ಟಿದ್ದಾರೆ. ಜಿಪಿಎಸ್ ಒಳಗೇ ಇದೆ, ಗಿಡ, ಪ್ರಾಣಿಗಳ ಚಿತ್ರ ಹಂಚಿಕೊಂಡು ಗುರುತಿಸೋ ಐನ್ಯಾಚುರಲಿಸ್ಟ್ ತಾಣಕ್ಕೆ ಹಾಕೋರಿಗೆ ಅನುಕೂಲ.

ಸೆನ್ಸರ್ ಸಣ್ಣದು, 12 ಮೆಗಾಪಿಕ್ಸೆಲ್. ಡಿಸೆಂಬರಿನ ಆರು ಗಂಟೆ ಕತ್ತಲಲ್ಲಿ ನೆಲಕ್ಕೆ ಉದುರಿದ ಆಕಾಶ ಮಲ್ಲಿಗೆ ತೆಗೆದರೆ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಚುಕ್ಕೆ. ಆ ಹೊತ್ತಿಗೆ ಫೋನಿನ ರಾತ್ರಿ ಮೋಡೇ ವಾಸಿ. ಮರಕ್ಕೂ ಫೋನು, ಕತ್ತಲಿಗೂ ಫೋನು, ಮೊಣಕಾಲಿಗಿಂತ ಕೆಳಗಿರೋದಕ್ಕೆಲ್ಲ ಟಿಜಿ-6, ಇದು ನಾನು ಮಾಡಿಕೊಂಡಿರೋ ಹಂಚಿಕೆ. ಡಿಎಸ್‌ಎಲ್‌ಆರ್ ಭಾನುವಾರ ಬೆಲ್ಲ ಮಲಗಿದ ಮೇಲೆ ಹೊರಗೆ ಬರುತ್ತೆ. ಇಷ್ಟು ದುಡ್ಡು ಹಾಕೋಕೆ ಮನಸ್ಸಿಲ್ಲ ಅನ್ನೋರು ಏನೂ ಕೊಳ್ಳಬೇಡಿ, ಫೋನಿನ 2ಎಕ್ಸಲ್ಲೇ ಇರಿ. ನಿಮ್ಮ ನಾಯಿ ಲ್ಯಾಬ್ರಡಾರಾಗಿದ್ದು, ನೀವು ಕೂತರೆ ತಾನೂ ಕೂರುತ್ತೆ ಅಂದರೆ ನನ್ನ ಈ ಲೆಕ್ಕಾಚಾರ ಅರ್ಧಕ್ಕರ್ಧ ನಿಮಗೆ ಅನ್ವಯಿಸಲ್ಲ. ದೊಡ್ಡ ಕ್ಯಾಮೆರಾಕ್ಕೇ ಮ್ಯಾಕ್ರೋ ಲೆನ್ಸು ಹಾಕಿಸಿಕೊಳ್ಳಿ, ಪುಣ್ಯವಂತರು.

ಸೊಂಟಕ್ಕೆ ಕಟ್ಟೋ ಹಗ್ಗ ತಗೊಂಡರೆ ಎರಡೂ ಕೈ ಖಾಲಿ ಆಗುತ್ತಲ್ಲ ಅಂತ ಕೇಳೋರು ಇರ್ತಾರೆ. ಅದನ್ನೂ ನೋಡಿದ್ದಾಯ್ತು. ಕುಕ್ಕರಗಾಲಲ್ಲಿ ಕೂತವನನ್ನು ಮುಧೋಳದ ರಕ್ತ ಇರೋ ನಾಯಿ ಸೊಂಟ ಹಿಡಿದು ಎಳೆದರೆ ಹಿಂದಕ್ಕೆ ಬೀಳ್ತಾನೆ, ಅಷ್ಟೇ.

ಕ್ಲಿಪ್ ಲೆನ್ಸನ್ನು ಅಕ್ಕನ ಮಗಳಿಗೆ ಕೊಟ್ಟೆ. ಅವಳ ಹತ್ತಿರ ಇರೋದು ಅವರಜ್ಜಿಯ ಹಳೇ ಫೋನು, ಹಿಂದೆ ಒಂದೇ ಕಣ್ಣು. ಸಿಗಿಸಿದ ತಕ್ಷಣ ಕೂತಿತು, ಯಾವ ಸೆಟ್ಟಿಂಗೂ ಮುಟ್ಟಬೇಕಾಗಲಿಲ್ಲ. ಲಂಟಾನ ಗೊಂಚಲಲ್ಲಿ ಹಳದಿ ಹೂ ಯಾವುದು, ಗುಲಾಬಿಗೆ ತಿರುಗಿದ್ದು ಯಾವುದು ಅಂತ ಒಂದೊಂದನ್ನೂ ಬಿಡಿಸಿ ತೆಗೆದು ಕಳಿಸಿದ್ದಾಳೆ. ಒಂದೇ ಕಣ್ಣಿನ ಹಳೇ ಫೋನು ಮನೆಯ ಡ್ರಾಯರಲ್ಲಿ ಬಿದ್ದಿದ್ದರೆ, ನಾಯಿ ಇಲ್ಲದ ಮನೆಯಾಗಿದ್ದರೆ, ಆ ಎಂಟುನೂರು ರೂಪಾಯಿಗೆ ಮೋಸ ಇಲ್ಲ.