ಮಲೆನಾಡಿನ ಮಳೆಗೆ ಹಗುರವಾದ ಶೂ, ಇಂಬಳದ ಕಾಲುಚೀಲ ಮತ್ತು ಒಂದು ಪಾಂಚೊ

ಶಿವಮೊಗ್ಗದಿಂದ ಕೊಡಚಾದ್ರಿ, ಕುಂದಾದ್ರಿ, ಕವಲೇದುರ್ಗಗಳ ಕಡೆಗೆ ಮಳೆಗಾಲದಲ್ಲಿ ಚಾರಣ ಹೊರಡುವವರಿಗೆ ಅಂಗಡಿಗಳಲ್ಲಿ ಮೊದಲು ತೋರಿಸುವುದು ಕಣಕಾಲು ಮುಚ್ಚುವ, ದಪ್ಪ ಸೋಲಿನ, ನೀರು ಒಳಗೆ ಬರುವುದೇ ಇಲ್ಲವೆಂದು ಚೀಟಿ ಅಂಟಿಸಿದ ಬೂಟನ್ನು. ನಾನೂ ಹಲವು ವರ್ಷ ಅಂಥದ್ದನ್ನೇ ಹಾಕಿಕೊಂಡೆ. ಕಳೆದ ಎರಡು ಮಳೆಗಾಲಗಳಿಂದ ಅದನ್ನು ಬಿಟ್ಟು, ಜಾಲರಿಯಂಥ ಬಟ್ಟೆಯ ಮೇಲ್ಭಾಗವುಳ್ಳ, ಒಂದೊಂದೂ 290 ಗ್ರಾಂ ತೂಗುವ, ಕಾಡುಮೇಡಿನ ದಾರಿಗಳಲ್ಲಿ ಓಡಲೆಂದು ಮಾಡಿದ ಟ್ರೇಲ್ ರನ್ನಿಂಗ್ ಶೂಗಳಲ್ಲಿ ನಡೆಯುತ್ತಿದ್ದೇನೆ. ಈ ಬರಹ ಮುಖ್ಯವಾಗಿ ಆ ಶೂ ಕುರಿತದ್ದು. ಜೊತೆಗೆ ಬಳಸಿದ ಉಳಿದ ಸಾಮಾನುಗಳ ವಿಚಾರವನ್ನೂ ಸೇರಿಸಿದ್ದೇನೆ.

ಬೂಟು ಬಿಡಲು ಕಾರಣವಾದದ್ದು ಒಂದು ಸೆಪ್ಟೆಂಬರಿನಲ್ಲಿ ಹಿಡ್ಲುಮನೆ ಜಲಪಾತದ ಕಡೆಯಿಂದ ಕೊಡಚಾದ್ರಿ ಹತ್ತುವಾಗ ನಡೆದ ಘಟನೆ. ಹೆಚ್ಚೇನೂ ಸವೆಯದ, ಒಂದೂವರೆ ವರ್ಷ ಅಟ್ಟದ ಮೇಲೆ ಜೋಪಾನವಾಗಿ ಇಟ್ಟಿದ್ದ ನನ್ನ ಬೂಟಿನ ಬಲಗಾಲಿನ ಸೋಲ್ ಅರ್ಧ ದಾರಿಯಲ್ಲಿ ಹಿಮ್ಮಡಿಯಿಂದ ಕಳಚಿಕೊಂಡಿತು. ನಡುವಿನ ಪದರವನ್ನು ಬೆರಳಿನಿಂದ ಒತ್ತಿದರೆ ನೆನೆದ ರಸ್ಕಿನಂತೆ ಪುಡಿಯಾಗುತ್ತಿತ್ತು. ಇಂಥ ಬೂಟುಗಳ ನಡುಪದರವನ್ನು ಹೆಚ್ಚಾಗಿ ಪಾಲಿಯುರೆಥೇನಿನಿಂದ ಮಾಡುತ್ತಾರೆ. ಅದು ಗಾಳಿಯ ತೇವದೊಂದಿಗೆ ನಿಧಾನವಾಗಿ ಪ್ರತಿಕ್ರಿಯಿಸಿ ಒಳಗೊಳಗೇ ಶಿಥಿಲವಾಗುತ್ತದೆ, ಹಾಕದೆ ಇಟ್ಟರೂ ಹಾಳಾಗುತ್ತದೆ. ಗೋಡೆಯೂ ಬೆವರುವ ನಮ್ಮ ಆಷಾಢದಲ್ಲಿ ಇದು ಬೇಗ ನಡೆದರೆ ಆಶ್ಚರ್ಯವಿಲ್ಲ. ಜೊತೆಗೆ ಬಂದಿದ್ದ ಊರಿನ ಮಾರ್ಗದರ್ಶಿ ಬಾಳೆನಾರಿನಿಂದ ಸೋಲನ್ನು ಬಿಗಿದುಕೊಟ್ಟು, “ಈ ಬೂಟಿನೊಳಗೆ ನೀರು ಹೊಕ್ಕರೆ ಮತ್ತೆ ಹೊರಗೆ ಹೋಗುವುದು ಎಲ್ಲಿಂದ ಮಾರಾಯ್ರೆ?” ಎಂದು ಕೇಳಿದರು. ಅವರ ಕಾಲಲ್ಲಿದ್ದದ್ದು ತೂತುಗಳಿರುವ ಪ್ಲಾಸ್ಟಿಕ್ ಶೂ.

ಮಲೆನಾಡಿಗೆ ಸಾಮಾನು ಆರಿಸುವಾಗ ನಾನು ಈಗ ಕೇಳಿಕೊಳ್ಳುವುದು ಅದೇ ಪ್ರಶ್ನೆಯನ್ನು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಕಡೆ ನೀರನ್ನು ತಡೆಯುವ ಪ್ರಯತ್ನವೆಲ್ಲ ಸೋಲುತ್ತದೆ. ಮೊಣಕಾಲುದ್ದದ ಹಳ್ಳ ದಾಟುವಾಗ ನೀರು ಬೂಟಿನ ಬಾಯಿಯಿಂದಲೇ ಇಳಿಯುತ್ತದೆ, ಆಮೇಲೆ ಹೊರಗಿನ ನೀರನ್ನು ತಡೆಯಬೇಕಾದ ಅದೇ ಪೊರೆ ಒಳಗಿನ ನೀರನ್ನು ಹಿಡಿದಿಡುತ್ತದೆ. ನನ್ನ ಹಗುರ ಶೂಗಳನ್ನು ಹಳ್ಳದಲ್ಲಿ ಪೂರ್ತಿ ನೆನೆಸಿ ನಡೆದಾಗ ಹತ್ತು ಹದಿನೈದು ನಿಮಿಷಗಳಲ್ಲಿ ಪಚಪಚ ಎನ್ನುವ ಸದ್ದು ನಿಂತಿತು, ಹೆಜ್ಜೆ ಊರಿದಾಗಲೆಲ್ಲ ಹೆಬ್ಬೆರಳಿನ ಪಕ್ಕದ ಜಾಲರಿಯಿಂದ ನೀರು ನೊರೆಯಾಗಿ ಹೊರಬರುವುದು ಕಣ್ಣಿಗೇ ಕಾಣುತ್ತಿತ್ತು. ಚರ್ಮದ ಬೂಟು ಹಾಗೆ ನೆನೆದರೆ ಮರುದಿನ ಬೆಳಗ್ಗೆಯೂ ಭಾರವಾಗಿಯೇ ಇರುತ್ತಿತ್ತು.

ಭಾರದ ವಿಷಯವೂ ಸಣ್ಣದಲ್ಲ. ಪಾದಕ್ಕೆ ಕಟ್ಟಿದ ಒಂದು ಕಿಲೋ ತೂಕ ಬೆನ್ನಿನ ಮೇಲಿನ ಒಂದು ಕಿಲೋಗಿಂತ ನಾಲ್ಕರಿಂದ ಆರು ಪಟ್ಟು ಹೆಚ್ಚು ಶಕ್ತಿ ಬೇಡುತ್ತದೆ ಎಂಬುದನ್ನು ಪ್ರಯೋಗಗಳು ತೋರಿಸಿವೆ. 1,343 ಮೀಟರ್ ಎತ್ತರದ ಕೊಡಚಾದ್ರಿಯನ್ನು ಹತ್ತಿ ಇಳಿದ ಸಂಜೆ ತೊಡೆಗಳಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಹಗುರ ಶೂ ಎಂದರೆ ಕಾಡಿಗೆ ಆಗದು ಎನ್ನುವವರಿಗೆ ನಾನು ಹೇಳುವುದು ಎಮ್ಮಾ ಗೇಟ್‌ವುಡ್ ಅವರ ಹೆಸರನ್ನು. ಅಮೆರಿಕದ 3,000 ಕಿಲೋಮೀಟರಿಗೂ ಉದ್ದವಾದ ಅಪಲಾಚಿಯನ್ ಟ್ರೇಲ್ ಎಂಬ ಚಾರಣದ ದಾರಿಯನ್ನು ಅವರು 1955ರಲ್ಲಿ, 67ನೆಯ ವಯಸ್ಸಿನಲ್ಲಿ, ಕ್ಯಾನ್ವಾಸ್ ಶೂ ಹಾಕಿಕೊಂಡು, ತಾವೇ ಹೊಲಿದ ಚೀಲವೊಂದನ್ನು ಹೆಗಲಿಗೇರಿಸಿ ಒಬ್ಬರೇ ನಡೆದು ಮುಗಿಸಿದರು.

ಕುಂದುಗಳನ್ನೂ ಹೇಳಬೇಕು. ಚೂಪು ಕಲ್ಲಿನ ದಾರಿಯಲ್ಲಿ ಅಂಗಾಲಿಗೆ ಪ್ರತಿ ಕಲ್ಲೂ ತಗಲುತ್ತದೆ. ಸೋಲಿನಡಿಯ ಐದು ಮಿಲಿಮೀಟರಿನ ಹಲ್ಲುಗಳು ಕೆಂಪು ಕೆಸರಿನಲ್ಲಿ ಗಟ್ಟಿಯಾಗಿ ಕಚ್ಚಿಕೊಂಡರೂ ಪಾಚಿ ಕಟ್ಟಿದ ಜಂಬಿಟ್ಟಿಗೆಯ ಮೇಲೆ ಕೆಲಸಕ್ಕೆ ಬಾರವು. ಅಲ್ಲಿ ಯಾವ ರಬ್ಬರನ್ನೂ ನಂಬದೆ ಕೋಲು ಊರಿಕೊಂಡು ಇಳಿಯಬೇಕು. ದಿನವಿಡೀ ಕಾಲು ಒದ್ದೆಯಾಗಿರುವುದರಿಂದ ಚರ್ಮ ಬೆಳ್ಳಗೆ ಸುಕ್ಕುಗಟ್ಟುತ್ತದೆ. ಆದ್ದರಿಂದ ರಾತ್ರಿಗೆಂದು ಒಂದು ಜೊತೆ ಉಣ್ಣೆಯ ಕಾಲುಚೀಲವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ಯುವುದನ್ನು ನಾನು ಎಂದೂ ತಪ್ಪಿಸುವುದಿಲ್ಲ.

ಜಾಲರಿಯ ಶೂ ಇಂಬಳಗಳಿಗೆ, ಅಂದರೆ ಕಾಡಿನ ಜಿಗಣೆಗಳಿಗೆ, ತೆರೆದ ಬಾಗಿಲು, ಆದ್ದರಿಂದ ಇಂಬಳದ ಕಾಲುಚೀಲವಿಲ್ಲದೆ ಅದನ್ನು ಶಿಫಾರಸು ಮಾಡಲಾರೆ. ಹೆಣೆದ ಸಾಮಾನ್ಯ ಕಾಲುಚೀಲದ ಸಂದುಗಳಲ್ಲಿ ಇಂಬಳ ದಾರದಂತೆ ತೆಳುವಾಗಿ ನುಸುಳುತ್ತದೆ. ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಅದಕ್ಕೆ ದಾರಿ ಸಿಗುವುದಿಲ್ಲ. ಅಂಗಡಿಯಿಂದ ತಂದ ಜೋಡಿಯ ಹೊಲಿಗೆ ಬೆರಳುಗಳ ತುದಿಗೇ ಬಂದು ಉಜ್ಜುತ್ತಿತ್ತು. ಗಾಂಧಿ ಬಜಾರಿನಲ್ಲಿ ದಪ್ಪ ಹತ್ತಿಯ ಬಿಳಿ ಬಟ್ಟೆ ಕೊಂಡು ಪರಿಚಯದ ದರ್ಜಿಯವರಿಂದ ಮೊಣಕಾಲವರೆಗೆ ಹೊಲಿಸಿಕೊಂಡ ಜೋಡಿ ಎಲ್ಲ ರೀತಿಯಲ್ಲೂ ಉತ್ತಮವಾಗಿದೆ. ಬಿಳಿಯೇ ಏಕೆಂದರೆ ಏರುತ್ತಿರುವ ಇಂಬಳ ತಕ್ಷಣ ಕಾಣುತ್ತದೆ. ಪ್ಯಾಂಟಿನ ತುದಿಯನ್ನು ಅದರೊಳಗೆ ಸೇರಿಸಿ ಮೇಲೆ ಲಾಡಿ ಕಟ್ಟಿ, ಹೊರಗೆ ಹೊಗೆಸೊಪ್ಪು ನೆನೆಸಿದ ನೀರು ಸವರಿದರೆ ಇನ್ನೂ ಒಳ್ಳೆಯದು.

ಬಟ್ಟೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಜೀನ್ಸ್ ಬೇಡವೇ ಬೇಡ. ತೆಳು ಪಾಲಿಯೆಸ್ಟರಿನ ಅಂಗಿ ಮೈಮೇಲೆಯೇ ಒಣಗುತ್ತದೆ, ಹತ್ತಿಯದು ಒಣಗುವುದಿಲ್ಲ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವ ಹೀರಿಯೂ ಬೆಚ್ಚಗಿರುತ್ತದೆ. ನಮ್ಮ ಹಿರಿಯರು ಸುರಿಯುವ ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ನಾಟಿಗೆ ನಿಲ್ಲುತ್ತಿದ್ದದ್ದು ಇದೇ ಬಲದಿಂದ. ಕಂಬಳಿ ಭಾರವೆಂಬುದಷ್ಟೇ ತೊಂದರೆ.

ದುಬಾರಿ ಮಳೆ ಜಾಕೆಟ್ಟಿನ ಬದಲು ನಾನು 300 ಗ್ರಾಂ ತೂಕದ ಪಾಂಚೊ, ಅಂದರೆ ತಲೆಯ ಮೇಲಿಂದ ಹಾಕಿಕೊಳ್ಳುವ ಸಡಿಲವಾದ ಮಳೆಹೊದಿಕೆ, ಒಯ್ಯುತ್ತೇನೆ. ಜಾಕೆಟ್ಟಿನ ಪೊರೆ ಬೆವರಿನ ಆವಿಯನ್ನು ಹೊರಗೆ ಕಳಿಸಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು. ಜುಲೈನ ಮಲೆನಾಡಿನಲ್ಲಿ ಅಂಥ ಗಾಳಿ ಇರುವುದಿಲ್ಲವಾದ್ದರಿಂದ ಹತ್ತುವವರು ಬೆವರಿನಿಂದಲೇ ತೊಯ್ಯುತ್ತಾರೆ. ಪಾಂಚೊದೊಳಗೆ ಗಾಳಿ ಆಡುತ್ತದೆ, ಬೆನ್ನಿನ ಚೀಲವೂ ಅದರಡಿಗೆ ಬರುತ್ತದೆ. ಕೊಡಚಾದ್ರಿಯ ತುದಿಯಲ್ಲಿರುವ ಸರ್ವಜ್ಞ ಪೀಠದ ಬಳಿಯ ಬಯಲಿನಲ್ಲಿ ಮಾತ್ರ ಗಾಳಿಗೆ ಅದು ತಲೆಯ ಮೇಲಕ್ಕೇ ಹಾರಿತ್ತು, ಅಂದಿನಿಂದ ಸೊಂಟಕ್ಕೊಂದು ಹಗ್ಗ ಕಟ್ಟಿಕೊಳ್ಳುತ್ತೇನೆ. ಚೀಲದ ಹೊರಹೊದಿಕೆ ಬೆನ್ನಿನ ಕಡೆಯಿಂದ ಇಳಿಯುವ ನೀರನ್ನು ತಡೆಯುವುದಿಲ್ಲ. ಒಳಗೆ ಒಂದು ದಪ್ಪ ಪಾಲಿಥಿನ್ ಚೀಲ ಹಾಕಿ ಬಾಯಿ ತಿರುಚಿ ಕಟ್ಟಿದರೆ ಸಾಕು.

ಎರಡು ಮಳೆಗಾಲಗಳ ನಂತರ ಶೂಗಳ ಹಲ್ಲು ಅರ್ಧ ಸವೆದಿದೆ, ಎಡಗಾಲಿನ ಕಿರುಬೆರಳಿನ ಬಳಿ ಜಾಲರಿ ಹರಿಯತೊಡಗಿದೆ. ಮೂರು ಸಾವಿರದೊಳಗಿನ ಬೆಲೆಗೆ ಇದು ನ್ಯಾಯವೆಂದೇ ನನಗೆ ತೋರುತ್ತದೆ. ಮುಂದಿನ ಜೂನಿಗೆ ಅದನ್ನೇ ಮತ್ತೆ ಕೊಳ್ಳುತ್ತೇನೆ. ಕಣಕಾಲು ಹಿಂದೆ ಉಳುಕಿದ್ದವರು, ಹನ್ನೆರಡು ಕಿಲೋಗೂ ಹೆಚ್ಚು ಹೊರುವವರು ಇದನ್ನು ಆರಿಸಬಾರದು. ಕೊಳ್ಳುವವರು ಇಂಬಳದ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ, ಅರ್ಧ ಸೈಜು ದೊಡ್ಡದನ್ನು ತೆಗೆದುಕೊಳ್ಳಿ. ನೆನೆದ ಶೂಗಳನ್ನು ಬಚ್ಚಲ ಒಲೆಯ ಪಕ್ಕ ಇಡದೆ, ಅಂಟು ಬಿಡದಂತೆ, ಹಳೆಯ ಪತ್ರಿಕೆ ತುರುಕಿ ಗಾಳಿಗೆ ತೂಗುಹಾಕಿ.